ಉತಾರದಲ್ಲಿ ಯಾರ ಹೆಸರು?
ನಮ್ಮ ಭಾಗದ ಜಮೀನು-ಮನೆ ಕಾಗದಪತ್ರಗಳ ಕಥೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಅಧ್ಯಕ್ಷರು ಹೇಳಿದಾಗ, ಗೋವಿನಜೋಳದ ಬಗ್ಗೆಯೋ ಕಬ್ಬಿನ ಬಗ್ಗೆಯೋ ಬರೆದಾನು ಎಂದು ಅವರ ಮನಸ್ಸಿನಲ್ಲಿ ಇದ್ದಿರಬೇಕು. ಆದರೆ ಸಾಲ ಮಂಜೂರಿ ಸಭೆಯಲ್ಲಿ ಕೂತವರಿಗೆ ಗೊತ್ತು, ಅರ್ಜಿ ತಿರುಗಿ ಹೋಗುವುದು ಬೆಳೆಯಿಂದಲ್ಲ, ಉತಾರದಿಂದ. ಉತಾರದಲ್ಲಿ ಅಜ್ಜನ ಹೆಸರು, ಹೊಲದಲ್ಲಿ ಮೊಮ್ಮಗ. "ಮೂರು ತಲೆಮಾರಿನಿಂದ ನಾವೇ ಉಳಾಕ್ಹತ್ತೀವ್ರಿ" ಅಂತಾರೆ. ಅದು ಸುಳ್ಳಲ್ಲ. ಆದರೂ ಸಾಲ ಕೊಡಲು ಬರುವುದಿಲ್ಲ. ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ನಮ್ಮ ಕಾಗದಪತ್ರಗಳಿಗೆ ಇಂದಿಗೂ ಮುಂಬಯಿ ಕಾಲದ ಹೆಸರುಗಳೇ: ಉತಾರ, ಖರೀದಿ, ಕಬ್ಜೆ, ಬೋಜಾ, ವಾಟ್ನಿ, ವಾರಸಾ. ಮುಂಬಯಿ ಸರ್ಕಾರ ಮೊದಲು ಬರೆದಿಡುತ್ತಿದ್ದುದು ಮುಖ್ಯವಾಗಿ ಕಂದಾಯ ಕಟ್ಟುವವ ಯಾರು ಎಂಬುದನ್ನು. ಯಾರಿಗೆ ಏನು ಹಕ್ಕು ಎಂದು ಬರೆಯುವ ಹಕ್ಕು ದಾಖಲೆ ಪದ್ಧತಿಗೆ 1903ರಲ್ಲಿ ಕಾಯ್ದೆಯಾಯಿತು. ಖರೀದಿಯ ಕಾನೂನು ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ನೂರು ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿಯಾದ ಪತ್ರವೇ ಬೇಕು. ಇಂದು ನೂರು ರೂಪಾಯಿಗೆ ಒಂದು ಮೊಳ ಜಾಗವೂ ಸಿಗಲಿಕ್ಕಿಲ್ಲ, ಅಂದರೆ ಎಲ್ಲ ಖರೀದಿಗೂ ನೋಂದಣಿ ಆಗಲೇಬೇಕು ಎಂದಾಯಿತು.

ಇಲ್ಲೇ ತೊಡಕು. ಖರೀದಿ ಪತ್ರ ನೋಂದಾಯಿಸುವುದು ಉಪನೋಂದಣಿ ಕಚೇರಿ, ಉತಾರ ಬರೆಯುವುದು ಕಂದಾಯ ಇಲಾಖೆ. ಒಂದೇ ಊರಿನಲ್ಲಿದ್ದರೂ ಎರಡು ಕಚೇರಿಗಳ ದಫ್ತರ ಬೇರೆ ಬೇರೆ. ನಮ್ಮ ಹಿರಿಯರು ನೋಂದಣಿ ಮಾಡಿಸಿ, ಪತ್ರವನ್ನು ಟ್ರಂಕಿನಲ್ಲಿಟ್ಟು, ಕೆಲಸ ಮುಗಿಯಿತು ಎಂದು ಹೊಲಕ್ಕೆ ಹೋದರು. ಉತಾರದಲ್ಲಿ ಮಾತ್ರ ಮಾರಿದವನ ಹೆಸರೇ ಉಳಿಯಿತು. ಇದಕ್ಕೆ ತಿರುಗಾ ಮುರುಗಾ ಆದದ್ದೂ ಉಂಟು. ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲಕಿ ಪಕ್ಕಾ ಎಂದು ತಿಳಿದು ಹಣ ಕೊಟ್ಟವರಿದ್ದಾರೆ. ಕಾನೂನು ಉತಾರವನ್ನು ನಿಜವೆಂದು ನಂಬುತ್ತದೆ, ಆದರೆ ಸುಳ್ಳೆಂದು ಯಾರಾದರೂ ರುಜುವಾತು ಮಾಡುವ ತನಕ ಮಾತ್ರ. ಆದ್ದರಿಂದ ಖರೀದಿಗೆ ಮೊದಲು ಉತಾರದ ಜೊತೆ ಹಳೆಯ ಪತ್ರಗಳನ್ನೂ ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ ನೋಡಬೇಕು.

ನಮ್ಮಲ್ಲಿ ಬಹಳ ಮನೆಗಳಿಗೆ ಜಮೀನು ಬಂದದ್ದು ಖರೀದಿಯಿಂದಲ್ಲ, ಗೇಣಿಯಿಂದ. ಮೂಲಗೇಣಿಗೆ ಕಾಯಂ ಹಕ್ಕಿತ್ತು. ಚಾಲಗೇಣಿಯವನು ಮಾತ್ರ ಒಡೆಯರ ಮರ್ಜಿಯ ಮೇಲೆ ಬದುಕಬೇಕಿತ್ತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರು. ಅರ್ಜಿಯ ಮುದ್ದತ್ತು 1979ರ ಜೂನ್ 30ರ ವರೆಗೆ ಮುಂದೆ ಹೋಯಿತು. ಭೂ ನ್ಯಾಯಮಂಡಳಿಯ ಆದೇಶವಾದ ಮೇಲೆ ತಹಶೀಲ್ದಾರರು ಕೊಡುವ ನಮೂನೆ 10ರ ಪತ್ರವೇ ಗೇಣಿದಾರನ ಹಕ್ಕಿಗೆ ಆಧಾರ. ಆದರೆ ಆದೇಶ ಕೈಗೆ ಬಂದ ದಿನ ಊರಲ್ಲಿ ಸಿಹಿ ಹಂಚಿ, ನಮೂನೆ 10ನ್ನು ತರಲು ಮರೆತವರಿದ್ದಾರೆ. ಮಾರಾಟಕ್ಕೆ 15 ವರ್ಷ ನಿರ್ಬಂಧ ಹಾಕಿದ ಆ ಕಾಯ್ದೆ, ಸಹಕಾರಿ ಸಂಘದಲ್ಲಿ ಅಡವಿಟ್ಟು ಸಾಲ ಪಡೆಯಲು ಮಾತ್ರ ದಾರಿ ಬಿಟ್ಟಿತ್ತು. ಆ ಕಾಲದಲ್ಲಿ ಬಡ ರೈತನಿಗೆ ಸಂಘ ಎಷ್ಟು ದೊಡ್ಡ ಆಸರೆಯಾಗಿತ್ತು ಎಂಬುದು ಇದರಿಂದ ತಿಳಿದೀತು.

ಸುತ್ತಲಿನ ತಾಲೂಕುಗಳ ಕಥೆ ಒಂದೊಂದು ತೆರ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಊರೇ ಮುಳುಗಿ, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ರಾಮನಗರದಲ್ಲಿ ನೆಲೆಸಿದವರ ಹಳೆಯ ಖರೀದಿ ಪತ್ರದ ಜಮೀನು ಈಗ ನೀರಿನಡಿ ಇದೆ, ಅವರಿಗೆ ಆಧಾರ ಹೊಸ ಮಂಜೂರಿ ಪತ್ರ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೇಟಿಯನ್ನರ ಜಮೀನು ಸರ್ಕಾರ ಕೊಟ್ಟದ್ದು. ಇನ್ನು ಕಾಡಂಚಿನವರಿಗೆ 2006ರ ಅರಣ್ಯ ಹಕ್ಕು ಕಾಯ್ದೆ. ಅದರಡಿ ಸಿಕ್ಕ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿಗೂ ಆಗಬೇಕು. ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಅಂಥ ಜಮೀನನ್ನು ಛಾಪಾ ಕಾಗದದ ಮೇಲೆ ಬರೆದುಕೊಂಡು ಕೊಂಡವರ ಹಣ ಹೋದಂತೆಯೇ.

ಮನೆಯ ವಿಷಯದಲ್ಲಿ ಇನ್ನೂ ಉದಾಸೀನ. ಪಂಚಾಯತಿಗೆ ಮನೆಪಟ್ಟಿ ತುಂಬಿದ ಪಾವತಿ ಇದ್ದರೆ ಸಾಕು ಎಂದು ಅನೇಕರ ನಂಬಿಗೆ. ಪಾವತಿ ತೆರಿಗೆಯದು, ಹಕ್ಕಿನದಲ್ಲ. 2013ರಿಂದ ಈ-ಸ್ವತ್ತು ಬಂದು, ಹಳ್ಳಿಯ ಮನೆ-ನಿವೇಶನ ಮಾರುವುದಕ್ಕೂ ದಾನ ಕೊಡುವುದಕ್ಕೂ ಪಂಚಾಯತಿಯ ಗಣಕೀಕೃತ ನಮೂನೆಗಳು ಬೇಕಾದವು. ಅಪ್ಪ ಕಟ್ಟಿಸಿದ ಮನೆ ಗಾವಠಾಣದಲ್ಲಿದೆಯೋ, ಹೊಲದ ಸರ್ವೆ ನಂಬರಿನಲ್ಲಿದೆಯೋ, ಸರ್ಕಾರಿ ಜಾಗದಲ್ಲಿದೆಯೋ ಎಂದು ಜನ ವಿಚಾರಿಸತೊಡಗಿದ್ದು ಆಮೇಲೆಯೇ.

ಎಲ್ಲಕ್ಕಿಂತ ಹೆಚ್ಚು ಜಗಳ ವಾರಸಾದ್ದು. ನಮ್ಮ ಒಬ್ಬ ಸದಸ್ಯರು ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು, ಬದು ಹಾಕಿ, ಹತ್ತು ವರ್ಷ ಉತ್ತರು. ಬೆಳೆಸಾಲಕ್ಕೆ ಬಂದಾಗ ಉತಾರದಲ್ಲಿ ಇನ್ನೂ ತಂದೆಯ ಹೆಸರೇ. ವಾರಸಾ ಮಾಡಿಸಲು ಹೋದರೆ ಅಕ್ಕತಂಗಿಯರ ಹೆಸರೂ ಬರಬೇಕು. "ಅವರನ್ನ ಲಗ್ನಾ ಮಾಡಿ ಕೊಟ್ಟೇವಲ್ಲಾ" ಎಂದು ತಕರಾರು. ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. 2020ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಗಟ್ಟಿ ಮಾಡಿತು. ಅಕ್ಕತಂಗಿಯರು ತಾವಾಗಿ ಬಿಟ್ಟುಕೊಟ್ಟರೆ ನೋಂದಣಿಯಾದ ಹಕ್ಕುಬಿಡುಗಡೆ ಪತ್ರ ಬೇಕು, ಬಾಯಿಮಾತು ನಡೆಯದು. ಆ ಮನೆಯಲ್ಲಿ ಇಬ್ಬರು ಬಿಟ್ಟುಕೊಟ್ಟರು. ಮೂರನೆಯವಳು, ಗಂಡನನ್ನು ಕಳಕೊಂಡವಳು, ತನ್ನ ಪಾಲು ಕೇಳಿದಳು. ಕೇಳಿದ್ದು ನ್ಯಾಯವೇ ಆಗಿತ್ತು. ಹನ್ನೊಂದು ಈ ನಕ್ಷೆ ಮಾಡಿಸಿ, ವಾಟ್ನಿ ಪತ್ರ ನೋಂದಾಯಿಸಿ, ಈಗ ಅವಳೂ ನಮ್ಮ ಸಂಘದ ಸದಸ್ಯೆ.

ನಮ್ಮ ಸಂಘ ಹುಟ್ಟಿದ ಆಸುಪಾಸಿನಲ್ಲೇ 'ಭೂಮಿ' ಯೋಜನೆ ಬಂದು ಕೈಬರಹದ ಉತಾರ ನಿಂತು ಕಂಪ್ಯೂಟರ್ ಉತಾರ ಬಂತು. ಆಮೇಲೆ ನೋಂದಣಿ ಕಚೇರಿಗೂ ಅದಕ್ಕೂ ಸಂಪರ್ಕವಾಗಿ, ಖರೀದಿಯ ಮಾಹಿತಿ ತಾನಾಗಿ ಕಂದಾಯ ಇಲಾಖೆಗೆ ಹೋಗುತ್ತದೆ. ಸಾವಿನ ಸುದ್ದಿ ಹಾಗೆ ತಾನಾಗಿ ಹೋಗಿ ಹೆಸರು ಬದಲಾಗುವುದಿಲ್ಲ. ವಾರಸುದಾರರು ಮರಣ ದಾಖಲೆ, ವಂಶಾವಳಿ ಹಿಡಿದು ಅರ್ಜಿ ಕೊಡಬೇಕು. ಉತಾರ ಕೈಗೆ ಬಂದಾಗ 9ನೇ ಕಾಲಮಿನಲ್ಲಿ ಮಾಲೀಕರ ಹೆಸರು, 11ರಲ್ಲಿ ಬೋಜಾ ಓದಿರಿ. ನೀವು ಸಂಘಕ್ಕೆ ಬರೆದುಕೊಟ್ಟ ಇಕರಾರಿನ ಬೋಜಾ ಅಲ್ಲಿಯೇ ಇರುತ್ತದೆ. ಸಾಲ ತೀರಿಸಿದವರು ಕಾರ್ಯದರ್ಶಿಗಳಿಂದ ಬೇಬಾಕಿ ಪತ್ರ ಪಡೆದು ಬೋಜಾ ಕಮ್ಮಿ ಮಾಡಿಸಿಕೊಳ್ಳಬೇಕು. ಹಾಗೆ ಮಾಡಿಸದೆ ಬಿಟ್ಟವರು ಇನ್ನೂ ಹಲವರಿದ್ದಾರೆ. ಸಂಘದ ಕಚೇರಿಯಲ್ಲಿ ವಿಚಾರಿಸಿರಿ.