ಕಡತ ಲಭ್ಯವಿಲ್ಲ

ಉದ್ದದ ಪೋಸ್ಟು, ಟೈಮ್ ಇದ್ದಾಗ ಓದಿ.

ಗುಮಾಸ್ತನಾಗಿ ಇಪ್ಪತ್ತು ವರ್ಷ ಆಯ್ತು. ಕಡತ ಮಂಡಿಸಿದೆ, ಕಡತ ಹಿಂದಿರುಗಿಸಿದೆ, ಕಡತ ವಿಲೇವಾರಿ. ಈ ಪದ ದಿನಕ್ಕೆ ಎಷ್ಟು ಸಲ ಬರೀತೀನೋ ಲೆಕ್ಕ ಇಲ್ಲ. ಅದು ಎಲ್ಲಿಂದ ಬಂತು ಅಂತ ಯೋಚಿಸಿದ್ದು ಮಾತ್ರ ಹೋದ ವರ್ಷ. ಅರಳಸುರಳಿಯ ನಮ್ಮ ಕೇರಿ ಮಕ್ಕಳು, "ಮಾಮ, ಈ ಸಲ ಜಯಂತಿಗೆ ಫ್ಲೆಕ್ಸ್ ಬೇಡ, ನಾವೇ ಒಂದು ಚಿತ್ರದ ಪುಸ್ತಕ ಮಾಡೋಣ" ಅಂದಾಗ.

ಕಡತ ಅಂದ್ರೆ ಮೊದಲು ಫೈಲ್ ಅಲ್ಲ, ಕೈಯಲ್ಲಿ ಮಾಡಿದ ಬಟ್ಟೆ ಪುಸ್ತಕ. ಹುಣಸೆಬೀಜ ಅರೆದು ಕಾಯಿಸಿದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿ ಬಟ್ಟೆಯ ಉದ್ದ ಪಟ್ಟಿಗೆ ಎರಡೂ ಕಡೆ ಬಳೀತಿದ್ರು. ಒಣಗಿದ ಮೇಲೆ ಕತ್ತರಿಸದೆ ಹಿಂದಕ್ಕೂ ಮುಂದಕ್ಕೂ ಮಡಚೋದು. ಕಪ್ಪು ಮೈ ಮೇಲೆ ಬಳಪದ ಕಲ್ಲಿನಿಂದ ಬಿಳಿ ಅಕ್ಷರ. ಮೈಸೂರಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಇದರ ಅಳತೆ ಕೊಟ್ಟಿದ್ದಾನೆ: ಅಗಲ 8 ಇಂಚಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಎರಡು ತುದಿಗೂ ಬಣ್ಣ ಬಳಿದು ವಾರ್ನಿಷ್ ಮಾಡಿದ ಮರದ ಹಲಗೆ. ನಮಗೆ ಹತ್ತಿರದ ಶೃಂಗೇರಿ ಮಠದ ಕಡತಗಳನ್ನ ಎ.ಕೆ. ಶಾಸ್ತ್ರಿಯವರು ಸಂಪಾದಿಸಿ ಅಚ್ಚು ಮಾಡಿಸಿದಾರೆ. ವ್ಯಾಪಾರದ ಲೆಕ್ಕ, ಕಂದಾಯದ ಲೆಕ್ಕ, ಮಠದ ಲೆಕ್ಕ ಎಲ್ಲ ಇಂಥ ಕಪ್ಪು ಮಡಿಕೆ ಒಳಗೆ. ಲೆಕ್ಕದ ಹೊರೆ ಹೊತ್ತವರು ಒಬ್ಬರು, ಬಳಪ ಹಿಡಿದವರು ಇನ್ನೊಬ್ಬರು.

ಇದರ ಒಂದು ಗುಣ ನನ್ನ ತಲೇಲಿ ಕೂತುಬಿಡ್ತು. ಒದ್ದೆ ಬಟ್ಟೆ ತಗೊಂಡು ಒರೆಸಿದ್ರೆ ಬರೆದದ್ದು ಹೋಗುತ್ತೆ, ಸ್ಲೇಟಿನ ಹಾಗೆ. ಮತ್ತೆ ಬರೀಬಹುದು. ಬರೆಯೋನಿಗೆ ಅನುಕೂಲ. ಒಳಗೆ ಹೆಸರಿದ್ದವನಿಗೆ?

ಭೂಮಿ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಹೆಸರಿದೆ. ಕೆಳದಿ ಶಿವಪ್ಪನಾಯಕ (1645–1660) ಕಂದಾಯ ಗೊತ್ತು ಮಾಡಿದ್ದನ್ನ ಇವತ್ತಿಗೂ 'ಶಿವಪ್ಪನಾಯಕನ ಶಿಸ್ತು' ಅಂತಾರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಲ್ಲಿ ಗೇಣಿದಾರರು ಎದ್ದರು. ಗೇಣಿ ಭತ್ತ ಅಳೆಯೋ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನೋದು ಅಲ್ಲಿ ಒಂದು ಮುಖ್ಯ ತಕರಾರು. ಲೋಹಿಯಾ ಬಂದು ಜೈಲಿಗೆ ಹೋದರು. ಆ ಹೋರಾಟದ ಬಗ್ಗೆ ನನಗೆ ಗೌರವ ಇದೆ. ಆದರೆ ಗೇಣಿ ಅಂತ ಹೇಳ್ಕೊಳ್ಳೋಕೂ ಇಲ್ಲದ, ಬರೀ ಆಳಾಗಿ ದುಡಿದವರು? 1974ರ ತಿದ್ದುಪಡಿ 'ಉಳುವವನೇ ಹೊಲದೊಡೆಯ' ಅಂತು. ಅರ್ಜಿ ಹಾಕೋಕೆ ಗೇಣಿದಾರ ಆಗಿರಬೇಕಿತ್ತು. ನಮ್ಮ ಅಜ್ಜ ಆಳು. ಅರ್ಜೀಲಿ ಏನಂತ ಬರೆಸ್ತಾರೆ?

ಮುಂದೆ ಅವ್ವ ಬಗರ್ ಹುಕುಂ ಅರ್ಜಿ ಹಾಕಿದ್ಲು, ನಮೂನೆ 53. ವರ್ಷಗಟ್ಟಲೆ ಓಡಾಡಿದ ಮೇಲೆ ಬಂದ ಹಿಂಬರಹದಲ್ಲಿ ಇದ್ದದ್ದು ಎರಡೇ ಪದ: ಕಡತ ಲಭ್ಯವಿಲ್ಲ. ಯಾವ ಆಫೀಸು ಅನ್ನೋದು ಇಲ್ಲಿ ಬೇಡ. ಯಾಕಂದ್ರೆ ಇನ್ನೊಂದು ಆಫೀಸಲ್ಲಿ ಕೂತು, ಬೇರೆಯವರ ಅವ್ವಂದಿರಿಗೆ, ಅದೇ ಎರಡು ಪದ ನಾನೂ ಟೈಪ್ ಮಾಡಿ ಸಹಿಗೆ ಇಟ್ಟಿದೀನಿ. ಮೇಲಿನವರು ಹೇಳಿದ್ರು, ಮಾಡಿದೆ. ಮೀಟಿಂಗಲ್ಲಿ ಭಾಷಣ ಮಾಡುವಾಗ ಇದನ್ನ ಯಾವತ್ತೂ ಹೇಳಿರಲಿಲ್ಲ.

ಹಾಗಾಗಿ ಮಕ್ಕಳಿಗೆ ಅಂದೆ, ಪುಸ್ತಕ ಬೇಡ್ರೋ, ಕಡತವನ್ನೇ ಮಾಡೋಣ.

ಮೊದಲನೇದು ಪೂರ್ತಿ ಹಾಳಾಯ್ತು. ಅಂಟು ದಪ್ಪ ಬಳಿದ್ವಿ, ಮಡಚಿದ ಕೂಡ್ಲೆ ಗೀರು ಬಿಟ್ಟು ಪುಡಿ ಉದುರಿತು. ಎರಡನೇದಕ್ಕೆ ಹಳೆ ಪಂಚೆ ಬಟ್ಟೆ, ತೆಂಗಿನ ಚಿಪ್ಪಿನ ಇದ್ದಿಲು, ತೆಳುವಾಗಿ ಮೂರು ಸಲ. ಚೆನ್ನಾಗಿ ಬಂತು, ಆದ್ರೆ ಮಲೆನಾಡಿನ ಮಳೆ ಬಿಡಬೇಕಲ್ಲ, ಜುಲೈ ಹೊತ್ತಿಗೆ ಬೂಷ್ಟು. ಆಗ ಹೊಳೆದದ್ದು ಮೈಲುತುತ್ತ. ಪುಸ್ತಕಕ್ಕೆ ರಟ್ಟು ಕಟ್ಟೋರು ಹುಳ ಬರದಿರಲಿ ಅಂತ ಅಂಟಿಗೆ ಚಿಟಿಕೆ ಹಾಕ್ತಾರೆ. ಅಡಿಕೆ ಕೊಳೆಗೆ ಬೋರ್ಡೋ ಹೊಡೀತಾರಲ್ಲ, ಅದೇ ಮೈಲುತುತ್ತ. ನಮ್ಮವರು ಮರ ಹತ್ತಿ ಹೊಡೆದು ಹೊಡೆದು ಕೈಯೆಲ್ಲ ನೀಲಿ ಮಾಡ್ಕೊಂಡದ್ದು. (ವಿಷ ಅದು, ಮಕ್ಕಳ ಕೈಗೆ ಕೊಡಲಿಲ್ಲ, ನಾನೇ ಕಲಸಿದೆ.) ಮೂರನೇ ಕಡತ ನಿಂತಿದೆ. ಹದಿನೈದು ಅಡಿ.

ಚಿತ್ರ ಹೇಗೆ ಜೋಡಿಸೋದು ಅಂತ ಗೊತ್ತಾಗದೆ ಕೂತಾಗ 'ಭೀಮಾಯನ' ತೋರಿಸಿದೆ. ನವಯಾನ 2011ರಲ್ಲಿ ತಂದ ಬಾಬಾಸಾಹೇಬರ ಚಿತ್ರಕತೆ. ಪರಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಬರೆದ ಚಿತ್ರ. ಕಾಮಿಕ್ಸಿನ ಚೌಕ ಅಲ್ಲಿಲ್ಲ, ಮಾತೂ ಚಿತ್ರವೂ ಹೊಳೆ ಹಾಗೆ ಹರೀತಾವೆ. ಮಕ್ಕಳಿಗೆ ಧೈರ್ಯ ಬಂತು. ಸಾಗರ ಕಡೆಯ ದೀವರ ಅಕ್ಕ ಒಬ್ಬರು ಚಿತ್ತಾರಕ್ಕೆ ಬಳಸೋ ಪುಂಡಿನಾರಿನ ಕುಂಚ ಕೊಟ್ಟು, ಅಕ್ಕಿ ಅರೆದು ಬಿಳಿ ಬಣ್ಣ ಮಾಡೋದು ಹೇಳಿಕೊಟ್ರು.

ಮೊದಲ ಮಡಿಕೆ 1927ರ ಮಹಾಡ್ ಕೆರೆ. ಆಮೇಲೆ ಎಪ್ಪತ್ತರ ದಶಕದ ಭದ್ರಾವತಿ, ಬಿ. ಕೃಷ್ಣಪ್ಪನವರು, ದಸಂಸ. ಆಮೇಲೆ 1986ರ ಚಂದ್ರಗುತ್ತಿ. ಬೆತ್ತಲೆ ಸೇವೆ ತಡೆಯೋಕೆ ಹೋದ ನಮ್ಮವರ ಮೇಲೆ ಹಲ್ಲೆ ಆಯ್ತು, ಪೊಲೀಸರನ್ನೂ ಬಿಡಲಿಲ್ಲ. ಇಲ್ಲಿ ಒಂದು ಜಗಳ. ನಡೆದದ್ದನ್ನ ನಡೆದ ಹಾಗೆ ಬರೀಬೇಕು ಅಂತ ಹುಡುಗರು. ಪಿಯುಸಿ ಹುಡುಗಿಯೊಬ್ಬಳು, "ನಮ್ಮ ಹೆಂಗಸರನ್ನ ಇನ್ನೊಂದ್ಸಲ ಬೆತ್ತಲೆ ಮಾಡ್ತೀರಾ?" ಅಂದ್ಲು. ಎಲ್ಲ ಸುಮ್ಮನಾದ್ರು. ಈಗ ಆ ಮಡಿಕೇಲಿ ಇರೋದು ಸೀರೆ ಚಾಚಿದ ಕೈಗಳು ಮಾತ್ರ.

ಕೊನೇ ಮಡಿಕೆಗಳು ಕೇರಿಯವು. ಯಾರು ಯಾರ ತೋಟದಲ್ಲಿ ದುಡಿದ್ರು, ಯಾವ ಗುಡ್ಡ ಕಡಿದು ಗದ್ದೆ ಮಾಡಿದ್ರು. ಬಳಪವೋ ಬಣ್ಣವೋ ಅಂತ ಚರ್ಚೆ ಆಗಿ ಹೀಗೆ ಗೊತ್ತು ಮಾಡಿದ್ವಿ: ಕೂಲಿ, ಸಾಲ, ಎಕರೆ ಬಳಪದಲ್ಲಿ, ಬದಲಾಗಲಿ. ಹೆಸರು ಮಾತ್ರ ಬಣ್ಣದಲ್ಲಿ. ಅವ್ವನಿಗೆ ಓದೋಕೆ ಬರಲ್ಲ. ತನ್ನ ಹೆಸರಿನ ಮೇಲೆ ಬೆರಳು ಉಜ್ಜಿ, ಬೆರಳನ್ನ ನೋಡ್ಕೊಂಡ್ಲು. ಬಿಳಿ ಹತ್ತಿರಲಿಲ್ಲ.

ಇನ್ನೂ ನಾಲ್ಕು ಮಡಿಕೆ ಖಾಲಿ ಇದೆ. ನಿಮ್ಮ ಮನೇಲಿ 'ಕಡತ ಲಭ್ಯವಿಲ್ಲ' ಅಂತ ಬಂದ ಹಿಂಬರಹ ಇದ್ರೆ ಒಂದು ಜೆರಾಕ್ಸ್ ತಗೊಂಡು ಬನ್ನಿ, ಭಾನುವಾರಗಳಲ್ಲಿ ಕೇರೀಲೇ ಇರ್ತೀವಿ. ಹುಣಸೆಹಣ್ಣು ಬಿಡಿಸೋರು ಬೀಜ ಎಸೀಬೇಡಿ. ಮುಂದಿನ ಕಡತಕ್ಕೆ ಬೇಕು.