ಬೆಳಕಿನ ಬೆನ್ನಿಗೆ ಬಂದ ಬೇಗೆ

ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಚೇರಿಗಳ ಸಭಾಕೋಣೆಗಳಲ್ಲಿ ಪರದೆಯ ಮೇಲೆ ಓಡಾಡುವ ಕೆಂಪು ಚುಕ್ಕಿ ನಮಗೆಲ್ಲ ಪರಿಚಿತವೇ. ಬೆರಳುದ್ದದ ಲೋಹದ ಕೊಳವೆ, ಎರಡು ಪುಟ್ಟ ಬ್ಯಾಟರಿ, ಒಂದು ಗುಂಡಿ. ಲೇಸರ್ ಪಾಯಿಂಟರ್ ಎಂದರೆ ಇಷ್ಟೇ ಎಂದು ತಿಳಿದಿರುತ್ತೇವೆ. ಅದರ ಚರಿತ್ರೆಯನ್ನು ಕೆದಕಿದರೆ ಮಾತ್ರ, ಅದು ಬೆಳಕಿನ ಕಥೆಯಾಗಿರುವಷ್ಟೇ ಶಾಖದ ಕಥೆಯೂ ಹೌದೆಂಬುದು ಕಾಣುತ್ತದೆ.

1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಸ್ಫಟಿಕದಿಂದ ಮೊದಲ ಲೇಸರ್ ಕಿರಣವನ್ನು ಹೊರಡಿಸಿದರು. ಎರಡೇ ವರ್ಷಗಳಲ್ಲಿ, 1962ರಲ್ಲಿ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರಾಬರ್ಟ್ ಹಾಲ್ ಮತ್ತು ಸಂಗಡಿಗರು ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಚೂರಿನಿಂದಲೇ ಲೇಸರ್ ಬೆಳಕನ್ನು ಪಡೆದರು. ಇಂದಿನ ಪಾಯಿಂಟರಿನ ಮೂಲಪುರುಷ ಈ ಚೂರೇ. ಆದರೆ ಅದನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿಡಬೇಕಿತ್ತು. ಹಾಗಿದ್ದೂ ಅದು ಕ್ಷಣಾರ್ಧದ ಮಿಡಿತಗಳಲ್ಲಿ ಮಾತ್ರ ಬೆಳಗುತ್ತಿತ್ತು. ಕೋಣೆಯ ಉಷ್ಣತೆಯಲ್ಲಿ ಬೆಳಗಿಸಬೇಕೆಂದರೆ ಚದರ ಸೆಂಟಿಮೀಟರಿಗೆ ಹತ್ತಾರು ಸಾವಿರ ಆಂಪಿಯರ್ ಪ್ರಮಾಣದ ವಿದ್ಯುತ್ತು ಹರಿಯಬೇಕು. ಅದನ್ನು ಎಡೆಬಿಡದೆ ಹರಿಸಿದರೆ ಚೂರು ತನ್ನ ಬಿಸಿಗೆ ತಾನೇ ಸುಟ್ಟುಹೋಗುತ್ತದೆ. ನಮ್ಮ ದೇಶದಲ್ಲೂ 1960ರ ದಶಕದ ಮಧ್ಯಭಾಗದ ಹೊತ್ತಿಗೆ ಮುಂಬಯಿಯ ಟ್ರಾಂಬೆಯ ಅಣುಶಕ್ತಿ ಕೇಂದ್ರದಲ್ಲಿ ಇಂಥದೇ ಲೇಸರ್ ಸಿದ್ಧವಾಗಿತ್ತು.

ಈ ತೊಡಕನ್ನು ಬಿಡಿಸಲು ಎರಡು ದಾರಿಗಳಿದ್ದವು. ಹುಟ್ಟುವ ಶಾಖವನ್ನು ಬೇಗ ಸಾಗಹಾಕುವುದು ಒಂದು. ಶಾಖ ಹುಟ್ಟುವುದನ್ನೇ ತಗ್ಗಿಸುವುದು ಇನ್ನೊಂದು. ಮೊದಲ ದಾರಿ ಹಿಡಿದ ಬೆಲ್ ಪ್ರಯೋಗಾಲಯದವರು 1967ರಲ್ಲಿ ಲೇಸರ್ ಚೂರನ್ನು ವಜ್ರದ ಮೇಲೆ ಕೂರಿಸಿ, ಮೈನಸ್ 73 ಡಿಗ್ರಿಯಲ್ಲಿ ಅದು ನಿರಂತರವಾಗಿ ಬೆಳಗುವಂತೆ ಮಾಡಿದರು. ವಜ್ರದ ಉಷ್ಣವಾಹಕತೆ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಎರಡನೆಯ ದಾರಿ 1970ರಲ್ಲಿ ಗುರಿ ಮುಟ್ಟಿತು. ಲೆನಿನ್‌ಗ್ರಾಡಿನಲ್ಲಿ ಜೋರೆಸ್ ಅಲ್ಫೆರೋವ್ ಅವರ ತಂಡವೂ ಬೆಲ್ ಪ್ರಯೋಗಾಲಯದಲ್ಲಿ ಹಯಾಶಿ ಮತ್ತು ಪ್ಯಾನಿಶ್ ಅವರ ತಂಡವೂ ಬೇರೆ ಬೇರೆ ಅರೆವಾಹಕಗಳ ತೆಳುಪದರಗಳನ್ನು ಒಂದರ ಮೇಲೊಂದು ಬೆಳೆಸಿ, ಬೇಕಾದ ವಿದ್ಯುತ್ತನ್ನು ಚದರ ಸೆಂಟಿಮೀಟರಿಗೆ ಒಂದೆರಡು ಸಾವಿರ ಆಂಪಿಯರಿಗೆ ಇಳಿಸಿದವು. ಲೇಸರ್ ಕೋಣೆಯ ಉಷ್ಣತೆಯಲ್ಲಿ ನಿಲ್ಲದೆ ಬೆಳಗಿತು. ಬೆಳಕು ಹುಟ್ಟಿದ ಮೇಲೆ ಬೇಗೆಯನ್ನು ಗೆಲ್ಲಲು ಎಂಟು ವರ್ಷ ಹಿಡಿದಿತ್ತು.

ಆ ವಜ್ರದ ಪ್ರಸಂಗಕ್ಕೆ ನಮ್ಮೆರಡು ಊರುಗಳ ನಂಟೂ ಇದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1933ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯವರೇ ಆಗಿಹೋದ ಸಿ. ವಿ. ರಾಮನ್ ವಜ್ರಗಳ ದೊಡ್ಡ ಸಂಗ್ರಹವನ್ನೇ ಇಟ್ಟುಕೊಂಡಿದ್ದರು. ವಜ್ರದೊಳಗಿನ ಪರಮಾಣುಗಳ ಕಂಪನಗಳನ್ನು ಅರಿಯಲು ಅವರು ವರ್ಷಗಟ್ಟಲೆ ದುಡಿದರು. ವಜ್ರದಲ್ಲಿ ಶಾಖವನ್ನು ಹೊತ್ತೊಯ್ಯುವುದು ಪರಮಾಣುಜಾಲದ ಇಂಥ ಕಂಪನಗಳೇ. ಮಣ್ಣಿಗೆ ಬಿದ್ದ ನೀರಿನಂತೆ ಬಿಸಿ ಅಲ್ಲಿ ಇಂಗಿಹೋಗುತ್ತದೆ. ಲೇಸರ್ ಕೋಣೆಯ ಉಷ್ಣತೆಗೆ ಬಂದ 1970ರ ನವೆಂಬರಿನಲ್ಲಿಯೇ ರಾಮನ್ ಬೆಂಗಳೂರಿನಲ್ಲಿ ತೀರಿಕೊಂಡರು.

ಇಂದಿನ ಪಾಯಿಂಟರಿನಲ್ಲಿ ವಜ್ರವಿಲ್ಲ, ಸಮಸ್ಯೆ ಮಾತ್ರ ಹಾಗೆಯೇ ಇದೆ. ಕೆಂಪು ಪಾಯಿಂಟರು 3 ವೋಲ್ಟ್‌ನಲ್ಲಿ 30 ಮಿಲಿಆಂಪಿಯರ್ ಎಳೆದರೆ ಒಳಹೋಗುವ ಶಕ್ತಿ 90 ಮಿಲಿವ್ಯಾಟ್. ಬೆಳಕಾಗಿ ಹೊರಬರುವುದು 5 ಮಿಲಿವ್ಯಾಟ್‌ಗೂ ಕಡಿಮೆ. ಉಳಿದದ್ದು ಬಹುಪಾಲು ಶಾಖ. ಚೂರು ಬಿಸಿಯಾದಷ್ಟೂ ಅಷ್ಟೇ ಬೆಳಕಿಗೆ ಹೆಚ್ಚು ವಿದ್ಯುತ್ತು ಬೇಕಾಗುತ್ತದೆ, ಹೆಚ್ಚು ವಿದ್ಯುತ್ತು ಮತ್ತಷ್ಟು ಬಿಸಿ ತರುತ್ತದೆ. ಇದನ್ನು ತಡೆಯಲು ಡಯೋಡನ್ನು ಹಿತ್ತಾಳೆ ಅಥವಾ ತಾಮ್ರದ ಕೋಶದಲ್ಲಿ ಬಿಗಿಯಾಗಿ ಕೂರಿಸಿ, ಅದನ್ನು ಅಲ್ಯೂಮಿನಿಯಂ ಹೊರಮೈಗೆ ಅಂಟುವಂತೆ ಸೇರಿಸಬೇಕು. ಹಿತ್ತಾಳೆಯ ಉಷ್ಣವಾಹಕತೆ ತಾಮ್ರದ ಕಾಲುಭಾಗದಷ್ಟು. ಗಾಳಿಯದಂತೂ ತಾಮ್ರದ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಆದ್ದರಿಂದ ಎರಡು ಲೋಹಗಳ ನಡುವೆ ಉಳಿದ ಕೂದಲೆಳೆಯಷ್ಟು ಸಂದಿಯೂ ದೊಡ್ಡ ಅಡ್ಡಗೋಡೆಯೇ. ಅಲ್ಲಿ ಶಾಖವಾಹಕ ಲೇಪ ತುಂಬುವುದು ಅಗ್ಗದ, ಆದರೆ ಫಲಕಾರಿಯಾದ ಉಪಾಯ. ಪ್ಲಾಸ್ಟಿಕ್ ಕೋಶದ ಪಾಯಿಂಟರಿಗೆ ಈ ಭಾಗ್ಯವಿಲ್ಲ.

ಹಸಿರು ಪಾಯಿಂಟರಿನದು ಇನ್ನೂ ಸೂಕ್ಷ್ಮ. ಅದರ ಡಯೋಡು ಹೊರಡಿಸುವುದು 808 ನ್ಯಾನೋಮೀಟರಿನ ಅವಕೆಂಪು ಬೆಳಕು. ಒಂದು ಸ್ಫಟಿಕ ಅದನ್ನು 1064ಕ್ಕೆ ಬದಲಿಸಿದರೆ, ಇನ್ನೊಂದು 532ರ ಹಸಿರಾಗಿಸುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಡಯೋಡಿನ ತರಂಗಾಂತರ ಸುಮಾರು 0.3 ನ್ಯಾನೋಮೀಟರ್ ಸರಿಯುತ್ತದೆ, ಮೊದಲ ಸ್ಫಟಿಕ ಅದನ್ನು ಹೀರುವುದು ಕಡಿಮೆಯಾಗುತ್ತದೆ. ಹಸಿರು ಮಂಕಾಯಿತೆಂದರೆ ಅಪಾಯ ಕಡಿಮೆಯಾಯಿತೆಂದಲ್ಲ. ಬದಲಾಗದೆ ಉಳಿದ ಅವಕೆಂಪು, ತಡೆಯುವ ಫಿಲ್ಟರ್ ಇಲ್ಲದಿದ್ದರೆ, ಹಾಗೆಯೇ ಹೊರಬರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, 10 ಮಿಲಿವ್ಯಾಟ್ ಎಂದು ಬರೆದಿದ್ದ ಅಗ್ಗದ ಹಸಿರು ಪಾಯಿಂಟರೊಂದು ಸುಮಾರು 20 ಮಿಲಿವ್ಯಾಟ್ ಅವಕೆಂಪನ್ನು ಸೂಸುತ್ತಿದ್ದುದು ದಾಖಲಾಗಿದೆ. ಕಣ್ಣಿಗೆ ಕಾಣದ ಆ ಕಿರಣಕ್ಕೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಅಕ್ಷಿಪಟಲ ಸುಡುವುದು ಮಾತ್ರ ತಪ್ಪದು.

ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುವ ಚೆನ್ನೈಯಲ್ಲಿ ಈ ತಿಳಿವು ಪುಸ್ತಕದ ಬದನೆಕಾಯಿಯಲ್ಲ. ಕೊಳ್ಳುವಾಗ ಲೋಹದ ಮೈಯನ್ನೂ ಅವಕೆಂಪು ಫಿಲ್ಟರಿನ ಉಲ್ಲೇಖವನ್ನೂ ನೋಡೋಣ. ಬಿಸಿಲಿಗೆ ನಿಂತ ಕಾರಿನಲ್ಲಿ ಅದನ್ನು ಬಿಡದಿರೋಣ. ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ, ಅಷ್ಟೇ ಹೊತ್ತು ಬಿಡುವು ಕೊಡೋಣ. ಆಗ ಹುಟ್ಟಿದ ಬಿಸಿ ಲೋಹಕ್ಕೂ ಅಲ್ಲಿಂದ ನಮ್ಮ ಅಂಗೈಗೂ ಇಳಿದುಹೋಗಲು ಸಮಯ ಸಿಗುತ್ತದೆ. ಮಕ್ಕಳ ಕೈಗಂತೂ ಆಟಿಕೆಯೆಂದು ಇದನ್ನು ಕೊಡುವುದು ಬೇಡ.