"ಎಲ್ಲರೂ ಸ್ವಲ್ಪ ಕಟ್ಟಲಿ" ಅನ್ನೋ ಮಾತಿನ ಇತಿಹಾಸ



"ಬಡವರಾದ್ರೇನು, ಎಲ್ಲರೂ ಸ್ವಲ್ಪನಾದ್ರೂ ಕಟ್ಲಿ. ಆಗ್ಲೇ ಜವಾಬ್ದಾರಿ ಬರೋದು." ಅಕ್ಕಿ, ಬಸ್ಸು, ಕರೆಂಟು, ಯಾವ ವಿಷಯ ಬಂದ್ರೂ ಈ ಮಾತು ಬರುತ್ತೆ. ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಈ ಮಾತನ್ನ ಕಾನೂನು ಮಾಡಿ ನೋಡಿದ ದೇಶ ಒಂದಿದೆ, ಅದೂ ಎರಡು ಸಲ. ಅದು ಬ್ರಿಟನ್.

ಅಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕಟ್ಟೋ ತೆರಿಗೆ ಮೊದಲು ಮನೆಯ ಬೆಲೆ ನೋಡಿ ಹಾಕ್ತಿದ್ದದ್ದು. ತೀರಾ ಬಡವರಿಗೆ ಪೂರ್ತಿ ರಿಯಾಯಿತಿ ಸಿಗ್ತಿತ್ತು. 1988ರಲ್ಲಿ ಥ್ಯಾಚರ್ ಸರ್ಕಾರ ಅದಕ್ಕೆ ಕತ್ತರಿ ಹಾಕ್ತು. ಎಷ್ಟೇ ಬಡವರಾಗಿರಲಿ, ಶೇ 20ರಷ್ಟನ್ನ ಕಟ್ಟಲೇಬೇಕು ಅಂತ ನಿಯಮ ಬಂತು. ಆಮೇಲೆ ಮನೆ ತೆರಿಗೆಯನ್ನೇ ತೆಗೆದು ತಲೆಗಂದಾಯ ತಂದರು. 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ. ಸರ್ಕಾರ ಇಟ್ಟ ಹೆಸರು 'ಕಮ್ಯುನಿಟಿ ಚಾರ್ಜ್', ಜನ ಕರೆದದ್ದು 'ಪೋಲ್ ಟ್ಯಾಕ್ಸ್'. ಒಂದು ಊರಿನಲ್ಲಿ ಇರೋ ವಯಸ್ಕರೆಲ್ಲರಿಗೂ ಒಂದೇ ಮೊತ್ತ. ಅರಮನೆಯ ಡ್ಯೂಕಿಗೂ ಅವನ ಬೀದಿಯ ಕಸ ಎತ್ತೋನಿಗೂ ಒಂದೇ ಬಿಲ್ಲು. ಬಡವರಿಗೆ ಶೇ 80ರವರೆಗೆ ರಿಯಾಯಿತಿ ಇತ್ತು, ಉಳಿದ 20 ಮಾತ್ರ ಬಿಡಲಿಲ್ಲ.

ತಲೆ ಎಣಿಸಿ ತೆರಿಗೆ ಹಾಕೋದು ಅಂದ್ರೇನು ಅಂತ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ತಿರುವಾಂಕೂರಿನಲ್ಲಿ ಅವರ್ಣ ಜಾತಿಗಳ ಮೇಲೆ 'ತಲಕ್ಕರಂ' ಹಾಕ್ತಿದ್ದದ್ದು ಚರಿತ್ರೆಯಲ್ಲಿದೆ.

ಬ್ರಿಟನ್ನಿನ ಜನ ಸುಮ್ಮನಿರಲಿಲ್ಲ. ಸ್ಕಾಟ್ಲೆಂಡಿನಿಂದ ಶುರುವಾಗಿ ಲಕ್ಷಾಂತರ ಜನ ತೆರಿಗೆ ಕಟ್ಟೋದನ್ನೇ ನಿಲ್ಲಿಸಿದರು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ದೊಡ್ಡ ಪ್ರತಿಭಟನೆ ನಡೆದು ಗಲಭೆಯಲ್ಲಿ ಮುಗೀತು. ಅದೇ ನವೆಂಬರಿನಲ್ಲಿ ಥ್ಯಾಚರ್ ಕುರ್ಚಿ ಬಿಟ್ಟರು. ಬೇರೆ ಕಾರಣಗಳೂ ಇದ್ದವು, ಇದು ದೊಡ್ಡದು. ಇನ್ನೊಂದನ್ನ ನಾವು ಮರೀಬಾರದು. ತೆರಿಗೆಯವರ ಕಣ್ಣಿಗೆ ಬೀಳಬಾರದು ಅಂತ ಬಹಳ ಜನ ಮತದಾರರ ಪಟ್ಟಿಯಲ್ಲೇ ಹೆಸರು ಬರೆಸಲಿಲ್ಲ. ಅಂದ್ರೆ ತೆರಿಗೆ ಬಡವರ ಜೇಬಿನ ಜೊತೆ ಓಟನ್ನೂ ತಿಂದಿತು.

1993ರಲ್ಲಿ 'ಕೌನ್ಸಿಲ್ ಟ್ಯಾಕ್ಸ್' ಬಂತು. ಮತ್ತೆ ಮನೆಯ ಬೆಲೆಯ ಲೆಕ್ಕ, ತೀರಾ ಬಡವರಿಗೆ ಮತ್ತೆ ಶೇ 100 ವಿನಾಯಿತಿ. ವಿಕಲಚೇತನರು ಇರೋ ಮನೆಗೆ ಇನ್ನೊಂದು ಅನುಕೂಲ ಇತ್ತು. ಗಾಲಿಕುರ್ಚಿ ಓಡಾಡೋಕೆ ಜಾಗ, ಇನ್ನೊಂದು ಬಚ್ಚಲು, ಪ್ರತ್ಯೇಕ ಕೋಣೆ ಬೇಕಾದ ಮನೆಗೆ ಒಂದು ಹಂತ ಕಡಿಮೆ ದರ. ಇದು ದಯೆ ಅಲ್ಲ ಕಣ್ರೀ, ಲೆಕ್ಕ. ದೊಡ್ಡ ಮನೆ ಅವರಿಗೆ ಶೋಕಿ ಅಲ್ಲ, ಅಗತ್ಯ. ಅಗತ್ಯದ ಮೇಲೆ ಹೆಚ್ಚು ತೆರಿಗೆ ಹಾಕಬಾರದು ಅನ್ನೋದು ಅದರ ತಿರುಳು. ಇದು ಈಗಲೂ ಇದೆ. ಆದ್ರೆ ಅರ್ಜಿ ಹಾಕಿದವರಿಗೆ ಮಾತ್ರ.

ಇಪ್ಪತ್ತು ವರ್ಷ ಕಳೀತು. 2013ರ ಏಪ್ರಿಲಿನಲ್ಲಿ ಹಳೇ ಮಾತು ಹೊಸ ಬಟ್ಟೆ ಹಾಕ್ಕೊಂಡು ಬಂತು. ಈ ಸಲ ಹೆಸರು 'ಸ್ಥಳೀಯ ಸ್ವಾತಂತ್ರ್ಯ'. ದೇಶಕ್ಕೆಲ್ಲ ಒಂದೇ ಆಗಿದ್ದ ಕೌನ್ಸಿಲ್ ಟ್ಯಾಕ್ಸ್ ಬೆನಿಫಿಟ್ ರದ್ದಾಯ್ತು. ಇಂಗ್ಲೆಂಡಿನ ಪ್ರತಿ ಕೌನ್ಸಿಲ್ ತನ್ನ ರಿಯಾಯಿತಿ ಯೋಜನೆಯನ್ನ ತಾನೇ ಮಾಡ್ಕೋಬೇಕು. ಅಧಿಕಾರ ಕೊಟ್ಟ ಕೈಯಲ್ಲೇ ದುಡ್ಡಲ್ಲಿ ಶೇ 10 ಕಡಿತ. ಮೇಲೆ ಒಂದು ಷರತ್ತು: ಪಿಂಚಣಿ ವಯಸ್ಸಿನವರನ್ನ ಮುಟ್ಟೋ ಹಾಗಿಲ್ಲ.

ಲೆಕ್ಕ ಹಾಕಿ ನೋಡಿ. ರಿಯಾಯಿತಿಯ ಅರ್ಧ ಹಣ ವಯಸ್ಸಾದವರಿಗೆ ಹೋಗ್ತಿದ್ರೆ, ಪೂರ್ತಿ ಕಡಿತ ಉಳಿದ ಅರ್ಧದ ಮೇಲೆ ಬೀಳುತ್ತೆ. ಶೇ 10 ಅಂದದ್ದು ಶೇ 20 ಆಯ್ತು. ಆ ಉಳಿದ ಅರ್ಧದಲ್ಲಿ ಯಾರಿದ್ದರು? ಕಡಿಮೆ ಕೂಲಿಯವರು, ಒಬ್ಬಂಟಿ ತಾಯಂದಿರು, ದುಡಿಯೋ ವಯಸ್ಸಿನ ವಿಕಲಚೇತನರು. ಕೆಲವು ಕೌನ್ಸಿಲ್‌ಗಳು ವಿಕಲಚೇತನರನ್ನ ಕಡಿತದಿಂದ ಹೊರಗಿಟ್ಟವು, ಕೆಲವು ಇಡಲಿಲ್ಲ. ಒಂದು ಬೀದಿ ದಾಟಿದರೆ ಹಕ್ಕು ಬದಲಾಗೋ ಪರಿಸ್ಥಿತಿ. ಸ್ಕಾಟ್ಲೆಂಡ್ ಮತ್ತು ವೇಲ್ಸ್ ಸರ್ಕಾರಗಳು ಮಾತ್ರ ಕೊರತೆಯನ್ನ ತಾವೇ ತುಂಬಿ ಪೂರ್ತಿ ವಿನಾಯಿತಿ ಉಳಿಸಿದವು. ಅಂದ್ರೆ ಬೇರೆ ದಾರಿ ಇತ್ತು.

ಬೇರೆ ದಾರಿ ಇದೆ ಅಂತ ಜನರಿಗೆ ಹೇಳದೇ ಇದ್ದದ್ದೇ ಕೋರ್ಟಿನ ಕೇಸಾಯ್ತು. ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್ ಜನಾಭಿಪ್ರಾಯ ಕೇಳಿದ ನಾಟಕದಲ್ಲಿ ಕಡಿತ ಅನಿವಾರ್ಯ ಅನ್ನೋ ಹಾಗೆ ಬರೆದಿತ್ತು. ಎಲ್ಲರ ತೆರಿಗೆ ಸ್ವಲ್ಪ ಏರಿಸಬಹುದು, ಕೂಡಿಟ್ಟ ನಿಧಿ ಬಳಸಬಹುದು ಅನ್ನೋದನ್ನ ಮುಚ್ಚಿಟ್ಟಿತ್ತು. ಒಬ್ಬಂಟಿ ತಾಯಂದಿರು ಕೋರ್ಟಿಗೆ ಹೋದರು. 2014ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಆ ಸಮಾಲೋಚನೆ ಕಾನೂನುಬಾಹಿರ ಅಂತ ಹೇಳಿತು. ಮತ್ತೆ ನಡೆಸಿ ಅಂತ ಆದೇಶ ಮಾತ್ರ ಕೊಡಲಿಲ್ಲ. ಗೆಲುವು ಅರ್ಧ. ಆದ್ರೂ, ಬಡವರನ್ನ ಕೇಳೋದಾದ್ರೆ ಪೂರ್ತಿ ವಿಷಯ ಹೇಳಿ ಕೇಳಬೇಕು ಅನ್ನೋ ತತ್ವ ಉಳೀತು.

ಕಟ್ಟದಿದ್ದವರ ಗತಿ? ಮೊದಲು ನೋಟಿಸು, ಆಮೇಲೆ ಕೋರ್ಟಿನ ಆದೇಶ, ಅದರ ಖರ್ಚೂ ಬಾಕಿಗೆ ಸೇರ್ಪಡೆ, ಆಮೇಲೆ ವಸೂಲಿಯವರು ಬಾಗಿಲಲ್ಲಿ. ಇಂಗ್ಲೆಂಡಿನ ಕಾನೂನಿನಲ್ಲಿ ಮೂರು ತಿಂಗಳ ಜೈಲಿಗೂ ಅವಕಾಶ ಇತ್ತು. ವೇಲ್ಸ್ ಅದನ್ನ 2019ರಲ್ಲಿ ತೆಗೆದುಹಾಕ್ತು.

ಇದನ್ನೆಲ್ಲ ಬಾಬಾಸಾಹೇಬರು ಮೊದಲೇ ಹಿಡಿದಿದ್ದರು. ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿ ಬಂದವರು 1927ರಲ್ಲಿ ಬಾಂಬೆ ಶಾಸನ ಪರಿಷತ್ತಿನ ಬಜೆಟ್ ಚರ್ಚೆಯಲ್ಲಿ ಎತ್ತಿದ ಪ್ರಶ್ನೆ ಇದೇ: ಆದಾಯ ಇಲ್ಲದವನಿಗೆ ಆದಾಯ ತೆರಿಗೆ ಇಲ್ಲ, ಆದ್ರೆ ಬೆಳೆ ಬರಲಿ ಬಿಡಲಿ, ತುಂಡು ಭೂಮಿಯವನೂ ಕಂದಾಯ ಯಾಕೆ ಕಟ್ಟಬೇಕು? ಕಟ್ಟೋ ಶಕ್ತಿ ನೋಡದೆ ಹಾಕೋ ತೆರಿಗೆ ಅನ್ಯಾಯ ಅನ್ನೋದು ಅವರ ವಾದ.

ಈಗ ನಮ್ಮ ಊರಿಗೆ ಬನ್ನಿ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಹೆಸರುವಾಸಿ ರಿಯಾಯಿತಿ ಯಾವುದು? ಏಪ್ರಿಲಿನಲ್ಲೇ ಪೂರ್ತಿ ಕಟ್ಟಿದರೆ ಶೇ 5. ವರ್ಷದ ಮೊದಲ ತಿಂಗಳಲ್ಲೇ ಇಡಿಗಂಟು ಕೈಯಲ್ಲಿ ಇರೋದು ಯಾರಿಗೆ? ಕಂತಿನಲ್ಲಿ ಕಟ್ಟೋ ಪೌರಕಾರ್ಮಿಕಳಿಗೆ ಅದು ಸಿಗಲ್ಲ. ಇನ್ನೊಂದು ಕಡೆ, ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ವಿಕಲಚೇತನರಿಗೆ ಶೇ 5 ಮೀಸಲಿಡಬೇಕು ಅಂತ ನಿಯಮ ಇದೆ.

ಹಾಗಾಗಿ ವಾರ್ಡ್ ಸಭೆಗೆ ಹೋದಾಗ ಮೂರು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲೇ ಇಸ್ಕೊಳ್ಳಿ. ಆ ಹಣದಲ್ಲಿ ಎಷ್ಟು ಖರ್ಚಾಯ್ತು? ಯಾರ ಮನೆ ತಲುಪ್ತು? ತೆರಿಗೆ ರಿಯಾಯಿತಿಯ ಲಾಭ ಯಾವ ಬಡಾವಣೆಗೆ ಎಷ್ಟು ಹೋಯ್ತು?

"ಎಲ್ಲರೂ ಸ್ವಲ್ಪ ಕಟ್ಟಲಿ" ಅಂದೋರಿಗೆ ಈ ಲೆಕ್ಕ ತೋರಿಸಿ ಮಾತಾಡೋಣ. ಶೇರ್ ಮಾಡಿ.

ಜೈ ಭೀಮ್.